ಪ್ರೊಸೆಸರ್ ಖಾಲಿ ಇದ್ದರೂ ಲೋಡ್ 9 ತೋರಿಸುತ್ತಿದೆ, ರೀಬೂಟ್ ಮಾಡಲೇ?

ಪ್ರಶ್ನೆ
ನಾನು ನೋಡಿಕೊಳ್ಳುವ ಲಿನಕ್ಸ್ ಸರ್ವರ್ ಬೆಳಿಗ್ಗೆಯಿಂದ ತೆವಳುತ್ತಿದೆ. 7:19ಕ್ಕೆ ‘ಅಪ್‌ಟೈಮ್’ ಆದೇಶ ಕೊಟ್ಟಾಗ 212 ದಿನಗಳಿಂದ ಚಾಲನೆಯಲ್ಲಿದೆ ಎಂದು ತೋರಿಸಿತು. ಲೋಡ್ ಆವರೇಜ್ 9.04, 8.78, 6.40. ಪ್ರೊಸೆಸರ್ ಕೋರ್‌ಗಳು ನಾಲ್ಕು. ಆದರೆ ‘ಟಾಪ್’ನಲ್ಲಿ ಪ್ರೊಸೆಸರ್ ಬಳಕೆ ಶೇ 10ನ್ನೂ ದಾಟಿಲ್ಲ. ಇಷ್ಟು ದಿನ ನಿಲ್ಲಿಸದೆ ಓಡಿಸಿದ್ದೇ ಕಾರಣವಿರಬಹುದೇ? ರೀಬೂಟ್ ಮಾಡಿಬಿಡಲೇ?

ಉತ್ತರ 1
ಕೋರ್‌ಗಳ ಸಂಖ್ಯೆ ಹೇಳುವ ‘ಎನ್‌ಪ್ರಾಕ್’ 4 ಎನ್ನುವಾಗ ಲೋಡ್ 9 ಇದ್ದರೆ ಸರ್ವರ್‌ಗೆ ಹೊರೆ ಹೆಚ್ಚಾಗಿದೆ ಎಂದರ್ಥ. ಇನ್ನಷ್ಟು ಕೋರ್ ಬೇಕು.

ಉತ್ತರ 2
ಕೋರ್ ಸೇರಿಸಿದರೆ ಇಲ್ಲಿ ಏನೂ ಪ್ರಯೋಜನವಿಲ್ಲ. ದಯವಿಟ್ಟು ರೀಬೂಟ್ ಕೂಡ ಮಾಡಬೇಡಿ. ಇಂಥದ್ದೇ ಸ್ಥಿತಿಯಲ್ಲಿ ನಾನೊಮ್ಮೆ ಅವಸರದಿಂದ ರೀಬೂಟ್ ಕೊಟ್ಟೆ. ಯಂತ್ರ ಸ್ಥಗಿತಗೊಳ್ಳುವ ಹಂತದಲ್ಲೇ ಸಿಕ್ಕಿಕೊಂಡಿತು. ಕೊನೆಗೆ ವಿದ್ಯುತ್ ತೆಗೆದು ಮತ್ತೆ ಏಳಿಸಿದಾಗ ಯಾವ ಪ್ರಕ್ರಿಯೆ ಎಲ್ಲಿ ನಿಂತಿತ್ತು ಎಂಬ ಕುರುಹೇ ಉಳಿದಿರಲಿಲ್ಲ. ಮರುವಾರ ಅದೇ ತೊಂದರೆ ಮರುಕಳಿಸಿತು.

ಲಿನಕ್ಸ್‌ನ ಲೋಡ್ ಪ್ರೊಸೆಸರ್ ಬಳಕೆಯ ಅಳತೆಯಲ್ಲ. ಓಡುತ್ತಿರುವ ಮತ್ತು ಸರದಿಯಲ್ಲಿರುವ ಪ್ರಕ್ರಿಯೆಗಳ ಜೊತೆಗೆ, ಡಿಸ್ಕ್ ಅಥವಾ ನೆಟ್‌ವರ್ಕ್ ಸಂಗ್ರಹಣೆಯ ಉತ್ತರಕ್ಕಾಗಿ ಅಲುಗಾಡದೆ ಕಾಯುತ್ತಿರುವವುಗಳನ್ನೂ ಅದು ಎಣಿಸುತ್ತದೆ. 1993ರಲ್ಲಿ ಲಿನಕ್ಸ್‌ನ ತಿರುಳಾದ ಕರ್ನಲ್‌ಗೆ ಸೇರಿದ ಬದಲಾವಣೆ ಇದು. ಬಹಳ ಮಂದಿ ಎಡವುವುದೇ ಇಲ್ಲಿ.

ನಿಮ್ಮ ಮೂರು ಸಂಖ್ಯೆಗಳನ್ನು ಮತ್ತೊಮ್ಮೆ ನೋಡಿ. ಅವು 1, 5, 15 ನಿಮಿಷಗಳ ಸರಾಸರಿ. ಹಳೆಯದರ ತೂಕ ಕ್ರಮೇಣ ಕರಗುವಂತೆ ಲೆಕ್ಕ ಹಾಕಿರುತ್ತಾರೆ. ಮೊದಲ ಎರಡು 9ರ ಹತ್ತಿರ ನೆಲೆಸಿವೆ, ಮೂರನೆಯದು ಇನ್ನೂ ಏರುತ್ತಿದೆ. ಅಂದರೆ ಸುಮಾರು ಇಪ್ಪತ್ತು ನಿಮಿಷದ ಹಿಂದೆ ಒಂಬತ್ತು ಪ್ರಕ್ರಿಯೆಗಳು ಒಟ್ಟಿಗೆ ಸಿಕ್ಕಿಬಿದ್ದಿವೆ. ಹಾಗಾಗಿ 212 ದಿನಗಳ ಮೇಲೆ ತಪ್ಪು ಹೊರಿಸಬೇಡಿ. 7 ಗಂಟೆಗೆ ಏನು ಶುರುವಾಯಿತು ಎಂದು ಹುಡುಕಿ. ‘ಪಿಎಸ್ -ಇಒ ಸ್ಟೇಟ್,ಪಿಐಡಿ,ಸಿಎಂಡಿ’ ಕೊಟ್ಟು ‘ಡಿ’ ಅಕ್ಷರವಿರುವ, ಅಂದರೆ ಹೀಗೆ ಅಲುಗಾಡದೆ ಕಾಯುತ್ತಿರುವ ಪ್ರಕ್ರಿಯೆಗಳ ಸಾಲುಗಳನ್ನು ಹೆಕ್ಕಿ. ‘ವಿಎಂಸ್ಟ್ಯಾಟ್ 1’ರಲ್ಲಿ ‘ಬಿ’ ಕಾಲಮ್ ಕೂಡ ಅದನ್ನೇ ಹೇಳುತ್ತದೆ. ಅದರ ಮೊದಲ ಸಾಲಿನ ಡಿಸ್ಕ್, ಪ್ರೊಸೆಸರ್ ಅಂಕಿಗಳನ್ನು ಮಾತ್ರ ಬಿಟ್ಟುಬಿಡಿ, ಅವು ಯಂತ್ರ ಎದ್ದಾಗಿನಿಂದ ಇಲ್ಲಿಯವರೆಗಿನ ಸರಾಸರಿ.

ಪ್ರಶ್ನೆ ಕೇಳಿದವರು
‘ಡಿ’ ಸಾಲುಗಳು ಸರಿಯಾಗಿ ಒಂಬತ್ತು! ಎಲ್ಲವೂ ಬ್ಯಾಕಪ್ ಪ್ರಕ್ರಿಯೆಗಳು. ನಿಗದಿತ ಸಮಯಕ್ಕೆ ಕೆಲಸ ಶುರು ಮಾಡುವ ಕ್ರಾನ್‌ನಲ್ಲಿ 7:00ಕ್ಕೆ ಶುರುವಾಗುವಂಥವು. ಅವು ಬರೆಯುವ ಎನ್‌ಎಫ್‌ಎಸ್ (ನೆಟ್‌ವರ್ಕ್) ಸಂಗ್ರಹಣೆ ಉತ್ತರಿಸುತ್ತಿರಲಿಲ್ಲ. ಅತ್ತ ಕಡೆ ಕಳಚಿದ್ದ ಕೇಬಲ್ ಸರಿಪಡಿಸಿ ಐದು ನಿಮಿಷವಾಯಿತು. ಈಗ 0.34, 3.48, 6.52.

ಉತ್ತರ 2
ಸಂತೋಷ. ಮೂರನೆಯ ಸಂಖ್ಯೆ ಇಳಿಯಲು ಇನ್ನೂ ಅರ್ಧ ಗಂಟೆಯಾದರೂ ಬೇಕು, ಗಾಬರಿಯಾಗಬೇಡಿ. ಇಂದಿನ ಬ್ಯಾಕಪ್ ಪೂರ್ಣವಾಗಿದೆಯೇ ಎಂದು ಮಾತ್ರ ಒಂದು ಕಡತ ತೆರೆದು ನೋಡಿ.