ಪುಟ್ಟನ ಕಂಪ್ಯೂಟರ್ ಜರ್ಕ್ ಹೊಡೆಯುವ ವಿಷಯ

ಪುಟ್ಟಾ, ನಿನ್ನ ಮೆಸೇಜ್ ಈಗ ಊಟ ಮುಗಿಸಿ ನೋಡಿದೆ. ಇದು ಟೈಪ್ ಮಾಡಿ ಮುಗಿಯುವ ವಿಷಯ ಅಲ್ಲ, ಅದಕ್ಕೇ ಮಾತಾಡಿ ಕಳಿಸುತ್ತಿದ್ದೇನೆ. ಅಣ್ಣಾ, ಅತ್ತಿಗೆ, ನೀವೂ ಪೂರ್ತಿ ಕೇಳಿ. ಇದರಲ್ಲಿ ದುಡ್ಡಿನ ಮಾತೂ ಇದೆ.

ನೀನು ಹೇಳಿರುವುದು ಇಷ್ಟು. ಗೇಮ್ ಶುರು ಮಾಡಿದಾಗ ಚೆನ್ನಾಗಿ ಓಡುತ್ತದೆ. ಹದಿನೈದು ಇಪ್ಪತ್ತು ನಿಮಿಷ ಆದ ಮೇಲೆ ಜರ್ಕ್ ಹೊಡೆಯುತ್ತದೆ, 120 ಇದ್ದ ಎಫ್‌ಪಿಎಸ್, ಅಂದರೆ ಸೆಕೆಂಡಿಗೆ ಬರುವ ಫ್ರೇಮ್ ಅಥವಾ ಚಿತ್ರಗಳ ಲೆಕ್ಕ, 50ಕ್ಕೆ ಇಳಿಯುತ್ತದೆ. ಅಂಗಡಿಯವರು ಗ್ರಾಫಿಕ್ಸ್ ಕಾರ್ಡ್ ಬದಲಾಯಿಸಿ ಅಂದಿದ್ದಾರೆ. ನನಗೆ ಹಾಗೆ ಅನ್ನಿಸುತ್ತಿಲ್ಲ. ಕಾರ್ಡಿಗೆ ತಾಕತ್ತು ಸಾಲದಿದ್ದರೆ ಮೊದಲ ನಿಮಿಷದಿಂದಲೇ ಸಾಲುತ್ತಿರಲಿಲ್ಲ, ಅಲ್ವಾ? ಮೊದಲು ಚೆನ್ನಾಗಿದ್ದು ಆಮೇಲೆ ಕೆಡುತ್ತಿದೆ ಅಂದರೆ ನನ್ನ ಅನುಮಾನ ಬಿಸಿಯ ಮೇಲೆ.

ಹೋದ ತಿಂಗಳು ಬಂದಾಗ ನೋಡಿದ್ದೆ, ಸಿಪಿಯು ಡಬ್ಬವನ್ನು ಟೇಬಲ್ ಕೆಳಗಿನ ಕಪಾಟಿನೊಳಗೆ ಇಟ್ಟಿದ್ದೀರಿ. ಹಿಂದೆ ಗೋಡೆ, ಮುಂದೆ ಬಾಗಿಲು. ಬಿಸಿ ಗಾಳಿ ಆಚೆ ಹೋಗುವುದಕ್ಕೆ ಜಾಗವೇ ಇಲ್ಲ. ಹೋದ ಗಾಳಿಯನ್ನೇ ಫ್ಯಾನು ಮತ್ತೆ ಒಳಗೆ ಎಳೆಯುತ್ತದೆ. ಮೇಲೆ ದಾವಣಗೆರೆಯ ಬೇಸಿಗೆ. ಮನೆ ಹಿಂದೆಯೇ ಮಂಡಕ್ಕಿ ಭಟ್ಟಿ, ಅದರ ಹೊಗೆಯ ಮಸಿ ಕಿಟಕಿ ಸರಳಿನ ಮೇಲೆ ಕೂರುತ್ತದೆ ಅಂತ ಅತ್ತಿಗೆ ಯಾವಾಗಲೂ ಹೇಳುತ್ತಾರೆ. ಕಿಟಕಿ ಮೇಲೆ ಕೂರುವ ಮಸಿ ಫ್ಯಾನಿನ ಮೇಲೆ ಕೂರುವುದಿಲ್ವಾ? ಸಾಮಾನ್ಯ ಧೂಳಾದರೆ ಊದಿದರೆ ಉದುರುತ್ತದೆ. ಮಸಿ ಸೇರಿದ ಧೂಳು ಬಿಸಿ ಹೀರುವ ಲೋಹದ ತುಂಡಾದ ಹೀಟ್‌ಸಿಂಕಿನ ಸಂದಿಯಲ್ಲಿ ಹತ್ತಿ ಹಾಸಿದ ಹಾಗೆ ಮೆತ್ತಿಕೊಂಡುಬಿಡುತ್ತದೆ.

ನಿನ್ನ ಪ್ರೊಸೆಸರ್ ಇಂಟೆಲ್ ಐ5, 12ನೇ ತಲೆಮಾರಿನದು. ಅದು 100 ಡಿಗ್ರಿ ಮುಟ್ಟಿದರೆ ಸುಟ್ಟುಹೋಗದಿರಲಿ ಅಂತ ತಾನೇ ವೇಗ ಇಳಿಸಿಕೊಳ್ಳುತ್ತದೆ. ಆ ಕ್ಷಣವೇ ನಿನಗೆ ಜರ್ಕ್ ಅನ್ನಿಸುವುದು. ಇದು ಹೌದೋ ಅಲ್ಲವೋ ಅಂತ ಊಹೆ ಮಾಡುವುದು ಬೇಡ. ಎಚ್‌ಡಬ್ಲ್ಯೂಇನ್ಫೋ ಅಂತ ಒಂದು ಸಾಫ್ಟ್‌ವೇರ್ ಇದೆ, ಪುಕ್ಕಟೆ. ಸೆನ್ಸರ್ಸ್ ಓನ್ಲಿ ಅಂತ ಟಿಕ್ ಮಾಡಿ ತೆರೆದುಬಿಟ್ಟು ಅರ್ಧ ಗಂಟೆ ಆಡು. ಆಮೇಲೆ ಮ್ಯಾಕ್ಸಿಮಮ್ ಕಾಲಂ ನೋಡು. ಥರ್ಮಲ್ ಥ್ರಾಟ್ಲಿಂಗ್, ಅಂದರೆ ಬಿಸಿಗೆ ವೇಗ ಇಳಿಸಿಕೊಳ್ಳುವುದು, ಅದರ ಎದುರಿಗೆ ಯೆಸ್ ಅಂತ ಬಂದಿದ್ದರೆ ಕಳ್ಳ ಸಿಕ್ಕ. ಕಾರ್ಡಿನ ಬಿಸಿಯೂ ಅಲ್ಲೇ ಕಾಣುತ್ತದೆ, ಅದನ್ನೂ ಬರೆದಿಟ್ಟುಕೋ.

ಇನ್ನೊಂದು ವಿಷಯ ಹೇಳಬೇಕು, ಯಾಕಂದರೆ ಇದರಲ್ಲಿ ನಾನೇ ಎರಡು ತಿಂಗಳು ಒದ್ದಾಡಿದ್ದೇನೆ. ಇಲ್ಲಿ ದುರ್ಗದಲ್ಲಿ ನನ್ನ ಕಂಪ್ಯೂಟರಿಗೆ ಎರಡನೇ ರ‍್ಯಾಮ್ ಹಾಕಿಸಿದ್ದೆ. ಹಾಕಿದವರು ಎರಡನ್ನೂ ಪಕ್ಕಪಕ್ಕದ ಸ್ಲಾಟಿಗೆ ಸಿಕ್ಕಿಸಿ ಕೊಟ್ಟಿದ್ದರು. 16 ಜಿಬಿ ತೋರಿಸುತ್ತಿತ್ತು, ಆದರೆ ಎರಡೂ ಒಂದೇ ಚಾನಲ್ಲಿನಲ್ಲಿ, ಅಂದರೆ ಪ್ರೊಸೆಸರಿಗೆ ಹೋಗುವ ಒಂದೇ ದಾರಿಯಲ್ಲಿ, ಓಡುತ್ತಿದ್ದವು. ನಾಲ್ಕು ಸ್ಲಾಟ್ ಇರುವ ಬೋರ್ಡಿನಲ್ಲಿ ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೆಯದಕ್ಕೂ ನಾಲ್ಕನೆಯದಕ್ಕೂ ಹಾಕಬೇಕು. ಬೋರ್ಡಿನ ಪುಸ್ತಕದಲ್ಲಿ ಚಿತ್ರ ಇರುತ್ತದೆ. ಟಾಸ್ಕ್ ಮ್ಯಾನೇಜರಿನಲ್ಲಿ ಮೆಮೊರಿ ಒತ್ತಿ ವೇಗವನ್ನೂ ನೋಡು. 3200ರ ರ‍್ಯಾಮ್ ಕೊಂಡಿದ್ದು ಅಲ್ಲಿ 2133 ಅಂತ ಇದ್ದರೆ ಬಯಾಸಿನಲ್ಲಿ, ಅಂದರೆ ಕಂಪ್ಯೂಟರ್ ಶುರುವಾಗುವಾಗ ತೆರೆಯುವ ಸೆಟ್ಟಿಂಗಿನಲ್ಲಿ, ರ‍್ಯಾಮನ್ನು ಪೂರ್ತಿ ವೇಗದಲ್ಲಿ ಓಡಿಸುವ ಎಕ್ಸ್‌ಎಂಪಿ ಆನ್ ಮಾಡಿಲ್ಲ ಅಂತ ಅರ್ಥ. ಎರಡಕ್ಕೂ ಒಂದು ಪೈಸೆ ಖರ್ಚಿಲ್ಲ.

ಆಮೇಲೆ ಎಫ್‌ಪಿಎಸ್ ಸಂಖ್ಯೆ ಒಂದನ್ನೇ ನಂಬಬೇಡ. ದುರ್ಗದ ಸ್ಟ್ಯಾಂಡಿನಲ್ಲಿ ಹದಿನೈದು ನಿಮಿಷಕ್ಕೊಂದು ಬಸ್ ಬಂದರೆ ಆರಾಮ. ಮುಕ್ಕಾಲು ಗಂಟೆ ಏನೂ ಬರದೆ ಆಮೇಲೆ ನಾಲ್ಕು ಒಟ್ಟಿಗೆ ಬಂದರೆ? ಲೆಕ್ಕದಲ್ಲಿ ಎರಡೂ ಗಂಟೆಗೆ ನಾಲ್ಕೇ ಬಸ್. ಫ್ರೇಮೂ ಹಾಗೇ. 60 ಎಫ್‌ಪಿಎಸ್ ಅಂದರೆ ಒಂದೊಂದು ಫ್ರೇಮಿಗೆ 16.7 ಮಿಲಿಸೆಕೆಂಡ್. 59 ಫ್ರೇಮ್ 900 ಮಿಲಿಸೆಕೆಂಡಿನಲ್ಲಿ ಬಂದು ಕೊನೆಯದೊಂದು 100 ತೆಗೆದುಕೊಂಡರೂ ಮೂಲೆಯಲ್ಲಿ 60 ಅಂತಲೇ ತೋರಿಸುತ್ತದೆ. ಆ ಒಂದನ್ನು ಕಣ್ಣು ಹಿಡಿಯುತ್ತದೆ. ಅದಕ್ಕೇ ಆಫ್ಟರ್‌ಬರ್ನರ್ ಅನ್ನುವ ಸಾಫ್ಟ್‌ವೇರಿನಲ್ಲಿ ಫ್ರೇಮ್ ಟೈಮ್ ಗ್ರಾಫ್ ಹಾಕಿಕೋ. ಗೆರೆ ಸಪಾಟಾಗಿರಬೇಕು.

ಹೊಸ ಡ್ರೈವರ್ ಹಾಕಿದ ಮೇಲೆ ಮೊದಲ ಒಂದೆರಡು ಆಟದಲ್ಲಿ ಜರ್ಕ್ ಬಂದರೆ ಹೆದರಬೇಡ, ಚಿತ್ರ ಬಿಡಿಸುವ ಶೇಡರ್ ಅನ್ನುವ ಸಣ್ಣ ಪ್ರೋಗ್ರಾಂಗಳು ಮತ್ತೆ ತಯಾರಾಗುತ್ತಿರುತ್ತವೆ. ಮಾನಿಟರ್ ಕೇಬಲ್ ಕಾರ್ಡಿಗೇ ಸಿಕ್ಕಿಸಿದೆಯಾ, ಬೋರ್ಡಿಗೆ ಸಿಕ್ಕಿಸಿಲ್ಲ ತಾನೇ, ಒಮ್ಮೆ ನೋಡಿಬಿಡು. ಒಟ್ಟಿಗೆ ನಾಲ್ಕು ಸೆಟ್ಟಿಂಗ್ ಮಾತ್ರ ಬದಲಾಯಿಸಬೇಡ ಮರಿ. ಒಂದು ಬದಲಾಯಿಸು, ಆಡಿ ನೋಡು, ಆಮೇಲೆ ಇನ್ನೊಂದು. ಇಲ್ಲದಿದ್ದರೆ ಯಾವುದರಿಂದ ಸರಿಹೋಯಿತು ಅಂತ ಗೊತ್ತೇ ಆಗುವುದಿಲ್ಲ.

ಅಣ್ಣಾ, ಕಾರ್ಡಿಗೆ ಈಗಲೇ ದುಡ್ಡು ಹಾಕುವುದು ಬೇಡ. ಈ ಹುಡುಗ ಸುಮ್ನೆ ಹಠ ಮಾಡುತ್ತಿಲ್ಲ, ತೊಂದರೆ ನಿಜವಾಗಿಯೂ ಇದೆ. ಆದರೆ ಅದು ಕಾರ್ಡಿನದೇ ಅಂತ ಇನ್ನೂ ಯಾರೂ ನೋಡಿಲ್ಲ. ಪುಟ್ಟಾ, ಇವತ್ತು ಡಬ್ಬವನ್ನು ಕಪಾಟಿನಿಂದ ಆಚೆ ತೆಗೆದು, ಗೋಡೆಯಿಂದ ಒಂದು ಗೇಣು ದೂರ ಇಟ್ಟು ಆಡು. ಮುಚ್ಚಳ ಬಿಚ್ಚಬೇಡ. ಭಾನುವಾರ ನಾನೇ ಬ್ಲೋವರ್, ಪ್ರೊಸೆಸರಿಗೆ ಹಚ್ಚುವ ಥರ್ಮಲ್ ಪೇಸ್ಟ್ ಎರಡೂ ತರುತ್ತೇನೆ. ಫ್ಯಾನನ್ನು ಬೆರಳಿನಿಂದ ಹಿಡಿದುಕೊಂಡೇ ಗಾಳಿ ಹೊಡೆಯಬೇಕು, ಇಲ್ಲದಿದ್ದರೆ ಜೋರಾಗಿ ತಿರುಗಿ ಬೇರಿಂಗ್ ಹಾಳಾಗಬಹುದು. ಅದನ್ನು ಒಟ್ಟಿಗೆ ಕೂತು ಮಾಡೋಣ. ರಾತ್ರಿ ಆಡಿದ ಮೇಲೆ ಆ ಮ್ಯಾಕ್ಸಿಮಮ್ ಕಾಲಂನ ಫೋಟೋ ತೆಗೆದು ಇಲ್ಲೇ ಹಾಕು, ನಾನು ಎಚ್ಚರ ಇರುತ್ತೇನೆ.