ಸಹಾಯ ಬೇಕು: ಕರೆಂಟ್ ಹೋದರೆ ಆಕ್ಸಿಜನ್ ಮಷೀನ್‌ಗೆ ಏನು ವ್ಯವಸ್ಥೆ? (ಕಲಬುರಗಿ)

ಅಪ್ಪ ಮನೆಯಲ್ಲೇ ಆಕ್ಸಿಜನ್ ಕಾನ್ಸಂಟ್ರೇಟರ್ (ಗಾಳಿಯಿಂದ ಆಕ್ಸಿಜನ್ ತೆಗೆದು ಕೊಡುವ ಕರೆಂಟ್ ಮಷೀನ್) ಮೇಲಿದ್ದಾರೆ, ನಿಮಿಷಕ್ಕೆ 2 ಲೀಟರ್. ಮೊನ್ನೆ ಗಾಳಿ ಮಳೆಗೆ ಸಂಜೆ ಹೋದ ಕರೆಂಟ್ ಬಂದದ್ದು ಮಧ್ಯರಾತ್ರಿ. ಮಷೀನ್ ಕುಂಯ್ ಅಂತ ಕೂಗಿ ನಿಂತಿತು. ಕೂಡಲೇ ಬಿ-ಟೈಪ್ (ಮಧ್ಯಮ ಗಾತ್ರದ) ಆಕ್ಸಿಜನ್ ಸಿಲಿಂಡರ್‌ಗೆ ಪೈಪ್ ಹಾಕಿದೆವು. ತುಂಬಿದ್ದರೆ ಸುಮಾರು 1500 ಲೀಟರ್, ಅಂದರೆ 12 ಗಂಟೆ ಬರುತ್ತದೆ. ಆದರೆ ಗೇಜಿನ ಮುಳ್ಳು ಅರ್ಧಕ್ಕಿಂತ ಕೆಳಗಿತ್ತು!

ಮಷೀನ್‌ಗೆ 350 ವ್ಯಾಟ್ ಬೇಕು. ಸೈನ್ ವೇವ್ ಇನ್ವರ್ಟರ್, 150 ಎಎಚ್ ಬ್ಯಾಟರಿ ಹಾಕಿದರೆ ಮೂರು ಗಂಟೆ ಮೇಲೆ ಓಡಬಹುದು ಅಂತ ನನ್ನ ಲೆಕ್ಕ. ಯಾರಾದರೂ ನಿಜವಾಗಿ ಓಡಿಸಿ ನೋಡಿದ್ದೀರಾ? ಅಂಗಡಿಯವರ ಮಾತು ಬೇಡ, ಅವರು ಎಲ್ಲದಕ್ಕೂ ಹೂಂ ಅಂತಾರೆ.

ಸೇಡಂ ರಸ್ತೆಯ ಜಿಮ್ಸ್ ಆಸ್ಪತ್ರೆ ಆಸುಪಾಸು ರಾತ್ರಿ ಹೊತ್ತು ಸಿಲಿಂಡರ್ ತುಂಬಿಸಿ ಕೊಡುವವರು ಇದ್ದಾರಾ? ಡಾಕ್ಟರ್ ಚೀಟಿ ಇಟ್ಟು ಕರೆಂಟ್ ಆಫೀಸಿಗೆ ಅರ್ಜಿ ಕೊಟ್ಟರೆ, ಲೈನ್ ಕೆಲಸಕ್ಕೆ ಕರೆಂಟ್ ತೆಗೆಯುವ ಮುಂಚೆ ಫೋನ್ ಮಾಡ್ತಾರಾ? ಆಸ್ಪತ್ರೆಗೆ ಸೇರಿಸಿ ಅನ್ನಬೇಡಿ. ಮನೆಯೇ ಸಾಕು ಅಂತ ಡಾಕ್ಟರೇ ಹೇಳಿದ್ದಾರೆ.