ಮಳೆಗಾಲ ಬಂದ ಮೇಲೆ ಆಲ್ಟೋ ಸ್ಯಾಕ್ಸೊಫೋನಿನ ಜಿ ಶಾರ್ಪ್ ಕೀ ಅಂಟಿಕೊಳ್ತಿದೆ

ಪ್ರಶ್ನೆ (ಡೊಂಬಿವಲಿಯಿಂದ):
ನಮಸ್ಕಾರ. ಊರು ಕಾರ್ಕಳ ಕಡೆ, ಇಲ್ಲಿ ಮದುವೆ, ಪೂಜೆಗಳಿಗೆ ನುಡಿಸುತ್ತೇನೆ. ಎಡಗೈ ಕಿರುಬೆರಳಿನಲ್ಲಿ ಜಿ ಶಾರ್ಪ್ ಒತ್ತಿದರೆ ಕೀ ಕೆಳಗೆ ಹೋಗುತ್ತದೆ, ಸ್ವರ ಮಾತ್ರ ಬರೀ ಜಿ. ಭಾನುವಾರ ಮುಲುಂಡಿನಲ್ಲಿ ಸರಿಯಾಗಿ ಮಂಗಳಾರತಿ ಹೊತ್ತಿಗೇ ಕೈಕೊಟ್ಟಿತು. ತುಂಬಾ ಬೇಜಾರಾಯಿತು. ರಿಪೇರಿಯವರೊಬ್ಬರು ಸ್ಪ್ರಿಂಗ್ ಬಿಗಿ ಮಾಡಿಕೊಟ್ಟಿದ್ದರು. ಈಗ ಕೀ ಒತ್ತುವುದೇ ಕಷ್ಟ, ಅಂಟುವುದು ನಿಂತಿಲ್ಲ. ತೂತು ಮುಚ್ಚುವ ಚರ್ಮದ ಪ್ಯಾಡ್ ಬದಲಿಸಬೇಕಾ?

ಉತ್ತರ (ಪುಣೆಯಿಂದ):
ಬೇಡ ಅಣ್ಣ, ಸುಮ್ನೆ ಖರ್ಚು. ಈ ಕೀಗೆ ಎರಡು ಸ್ಪ್ರಿಂಗ್ ಇರುತ್ತವೆ. ಬೆರಳಿಡುವ ಕಡೆಯದ್ದು ಗಟ್ಟಿ. ಪ್ಯಾಡನ್ನು ತೂತಿನ ಮೇಲೆ ಅದುಮಿ ಹಿಡಿಯುವುದು ಅದೇ. ನೀವು ಒತ್ತಿದಾಗ ಆ ಅದುಮು ಸರಿಯುತ್ತದೆ, ಅಷ್ಟೇ. ಪ್ಯಾಡನ್ನು ಎತ್ತಬೇಕಾದದ್ದು ಇನ್ನೊಂದು ತೆಳು ಸ್ಪ್ರಿಂಗ್. ಚೂರು ಅಂಟಿದ್ದರೂ ಅದು ಸೋಲುತ್ತದೆ. ನಿಮಗೆ ಬಿಗಿ ಮಾಡಿಕೊಟ್ಟಿರುವುದು ಬೆರಳಿನ ಕಡೆಯದ್ದು ಅಂತ ಕಾಣುತ್ತದೆ. ಅದರಿಂದ ಪ್ಯಾಡ್ ಇನ್ನೂ ಜೋರಾಗಿ ಕೂರುತ್ತದೆ, ಅಲ್ವಾ?

ಕೀ ಒತ್ತಿ ಹಿಡಿದು, ಪ್ಯಾಡಿನ ಬಟ್ಟಲನ್ನು ಉಗುರಿನಿಂದ ಎತ್ತಿ ನೋಡಿ. ಚಟ್ ಅಂತ ಬಿಟ್ಟು ಮೇಲೆಯೇ ನಿಂತರೆ ಅಂಟು. ಮತ್ತೆ ಬಿದ್ದರೆ ತೆಳು ಸ್ಪ್ರಿಂಗ್ ಜಾಗ ತಪ್ಪಿದೆ, ಇಲ್ಲವೇ ಕೀ ತಿರುಗುವ ಸರಳಿನಲ್ಲಿ ಹಿಡಿತವಿದೆ.

ಅಂಟಾದರೆ, ಲೈಟರಿಗೆ ತುಂಬಿಸುವ ಫ್ಲೂಯಿಡ್ ತನ್ನಿ. ಗ್ಯಾಸ್ ಅಲ್ಲ, ನೀರಿನಂತಿರುವುದು. ಕಿವಿಗೆ ಹಾಕುವ ಹತ್ತಿಕಡ್ಡಿಯಲ್ಲಿ ಸ್ವಲ್ಪವೇ ತೆಗೆದುಕೊಂಡು ಮೊದಲು ತೂತಿನ ಅಂಚು, ಆಮೇಲೆ ಪ್ಯಾಡಿನ ಚರ್ಮ ಒರೆಸಿ. ಒಲೆ, ದೀಪ, ಊದುಬತ್ತಿ ಹತ್ತಿರ ಖಂಡಿತ ಬೇಡ. ಸ್ಪಿರಿಟ್ಟೂ ಬೇಡ. ಪ್ಯಾಡನ್ನು ಅರಗಿನಿಂದ ಕೂರಿಸಿದ್ದರೆ ಅದು ಕರಗುತ್ತದೆ. ಕೊಬ್ಬರಿ ಎಣ್ಣೆ, ಪೌಡರ್ ಹಾಕಿದರಂತೂ ಧೂಳು ಸೇರಿ ಜಾಸ್ತಿ ಅಂಟುತ್ತದೆ.

ಒಂದು ಕೇಳಬೇಕಿತ್ತು. ನಡುವೆ ಸಿಹಿ ಚಹಾ ಕುಡಿದು ಬಾಯಿ ಮುಕ್ಕಳಿಸದೆ ಊದುತ್ತೀರಾ?

ಪ್ರಶ್ನೆ ಕೇಳಿದವರು:
ಹೌದು, ಪಾಯಸವೂ ಆಗುತ್ತದೆ! ಎತ್ತಿದಾಗ ಚಟ್ ಅಂದಿತು, ಮೇಲೆಯೇ ನಿಂತಿತು. ಅಂಚು ಒರೆಸಿದ ಹತ್ತಿ ಬೆಲ್ಲದ ಬಣ್ಣಕ್ಕೆ ತಿರುಗಿತು. ಮೂರು ಕಡ್ಡಿ ಬೇಕಾಯಿತು. ಈಗ ಸಲೀಸಾಗಿ ಏಳುತ್ತಿದೆ.

ಪುಣೆಯಿಂದ:
ಖುಷಿಯಾಯಿತು. ಕೆಳಗಿನ ಸಿ ಶಾರ್ಪ್ ಪ್ಯಾಡನ್ನೂ ಒರೆಸಿಬಿಡಿ, ಅದೂ ಯಾವಾಗಲೂ ಮುಚ್ಚಿಯೇ ಇರುತ್ತದೆ. ನುಡಿಸಿದ ಮೇಲೆ ಪ್ಯಾಡಿನ ಕೆಳಗೆ ತೆಳು ಕಾಗದ ಇಟ್ಟು ಮೆತ್ತಗೆ ಒತ್ತಿ, ನೀರು ಹೀರಲಿ. ಒತ್ತಿಕೊಂಡೇ ಎಳೆಯಬೇಡಿ, ಚರ್ಮ ಹರಿಯುತ್ತದೆ. ಬಿಗಿ ಮಾಡಿದ ಸ್ಪ್ರಿಂಗನ್ನು ಮೊದಲಿನಂತೆ ಮಾಡಿಸಿ, ನೀವೇ ಬಗ್ಗಿಸಲು ಹೋದರೆ ಮುರಿಯಬಹುದು.